ಫೋನ್ ನಡೆದದ್ದೆಷ್ಟು, ನಾವು ನಡೆದದ್ದೆಷ್ಟು

ಯಾದಗಿರಿಯ ಲುಂಬಿನಿ ಉದ್ಯಾನದಲ್ಲಿ ಮುಂಜಾನೆ ಸುತ್ತು ಹಾಕುವವರಲ್ಲಿ ಎರಡು ಬಗೆ. ಫೋನನ್ನು ಮನೆಯಲ್ಲೇ ಬಿಟ್ಟು ಬಂದವರು ಒಂದು ಬಗೆ, ಫೋನಿನ ಲೆಕ್ಕ ತುಂಬಿಸಲೆಂದೇ ಬಂದವರು ಇನ್ನೊಂದು ಬಗೆ. ಶಹಾಪುರ, ಸುರಪುರದ ಕಾಲೇಜು ಮೈದಾನಗಳಲ್ಲಿ ಪೊಲೀಸ್ ಭರ್ತಿಗೆ ತಯಾರಿ ನಡೆಸುವ ಹುಡುಗರಂತೂ ಓಟ ಮುಗಿದ ಕೂಡಲೇ ನೀರಿಗಿಂತ ಮೊದಲು ಫೋನಿಗೆ ಕೈ ಹಾಕುತ್ತಾರೆ. ಎಷ್ಟು ಹೆಜ್ಜೆ, ಎಷ್ಟು ಕಿಲೋಮೀಟರ್, ಎಷ್ಟು ಕ್ಯಾಲೊರಿ, ಹೋದ ವಾರಕ್ಕಿಂತ ಎಷ್ಟು ವೇಗ, ಎಲ್ಲವೂ ಒಂದೇ ಪರದೆಯ ಮೇಲೆ ಸಿಗುತ್ತದೆ.

ಇದರಲ್ಲಿ ತಪ್ಪೇನಿಲ್ಲ. ಬರೆದಿಟ್ಟ ಲೆಕ್ಕ ಬಾಯಿಲೆಕ್ಕಕ್ಕಿಂತ ಯಾವತ್ತೂ ಮೇಲು. ಆದರೆ ಇಲ್ಲಿ ಲೆಕ್ಕ ಬರೆಯುತ್ತಿರುವುದು ಫೋನು. ತನಗಾದ ಅಲುಗಾಟವನ್ನು ಅದು ಬರೆದುಕೊಳ್ಳುತ್ತದೆ, ನಮಗಾದ ದಣಿವನ್ನು ಅದರಿಂದ ಊಹಿಸುತ್ತದೆ. ಊಹೆ ಎಲ್ಲಿ ಶುರುವಾಗುತ್ತದೆ ಎಂಬುದು ತಿಳಿಯದೆ ಹೋದಾಗ ತಪ್ಪು ಕಲ್ಪನೆಗಳು ಹುಟ್ಟುತ್ತವೆ. ಮೈದಾನದ ಅಂಚಿನಲ್ಲಿ, ಚಹಾದಂಗಡಿಯ ಬೆಂಚಿನ ಮೇಲೆ ಕೇಳಿಬರುವ ಮಾತುಗಳಲ್ಲೇ ಅವುಗಳನ್ನು ಇಲ್ಲಿ ಇಟ್ಟಿದ್ದೇನೆ.

ತಪ್ಪು ಕಲ್ಪನೆ: “ಹತ್ತು ಸಾವಿರ ಹೆಜ್ಜಿ ಆಗ್ಲಿಲ್ಲಂದ್ರ ಅವತ್ತಿನ ವಾಕಿಂಗ್ ದಂಡ ನೋಡ್ರಿ.”

ವಾಸ್ತವ: ಈ ಹತ್ತು ಸಾವಿರ ಯಾವ ವೈದ್ಯರ ಚೀಟಿಯಿಂದಲೂ ಬಂದದ್ದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್‌ನ ಬೆನ್ನಿಗೆ, 1965ರಲ್ಲಿ, ಜಪಾನಿನ ಯಮಾಸಾ ಎಂಬ ಗಡಿಯಾರದ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಹೆಸರು ‘ಮಾನ್ಪೊ-ಕೆ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ನೆನಪಿನಲ್ಲಿ ಉಳಿಯುವ ದುಂಡು ಸಂಖ್ಯೆ, ಮಾಲು ಚೆನ್ನಾಗಿ ಹೋಯಿತು. ಆ ಸಂಖ್ಯೆಯೇ ಇವತ್ತು ನಮ್ಮ ಫೋನುಗಳ ಒಳಗೂ ಗುರಿಯಾಗಿ ಕುಳಿತಿದೆ.

ಹಾಗಾದರೆ ಎಷ್ಟು ಸಾಕು? 2019ರಲ್ಲಿ ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಸಂಗಡಿಗರು ಸರಾಸರಿ 72 ವರ್ಷದ 16,741 ಮಹಿಳೆಯರ ಹೆಜ್ಜೆಗಳನ್ನು ಅಳೆದು, ಮುಂದಿನ ವರ್ಷಗಳಲ್ಲಿ ಅವರಲ್ಲಿ ಎಷ್ಟು ಮಂದಿ ತೀರಿಕೊಂಡರೆಂದು ನೋಡಿದರು. ದಿನಕ್ಕೆ 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲಿ ಸಾವಿನ ಪ್ರಮಾಣ ಶೇ 41ರಷ್ಟು ಕಡಿಮೆ ಇತ್ತು. ಹೆಜ್ಜೆ ಹೆಚ್ಚಿದಂತೆ ಲಾಭವೂ ಹೆಚ್ಚುತ್ತ ಹೋಗಿ, ಸುಮಾರು 7,500ರ ಹೊತ್ತಿಗೆ ಸಮತಟ್ಟಾಯಿತು. ಅಲ್ಲಿಂದ ಮುಂದೆ ನಡೆದರೆ ನಷ್ಟವಿಲ್ಲ, ಆದರೆ ನಡೆಯದಿದ್ದರೆ ದಿನ ದಂಡವೂ ಅಲ್ಲ. ಅರವತ್ತು ದಾಟಿ, ಮೊಣಕಾಲು ನೋವಿದ್ದೂ ಮೂರು ಸಾವಿರದಿಂದ ಐದು ಸಾವಿರಕ್ಕೆ ಬಂದವರು ನಿಜಕ್ಕೂ ದೊಡ್ಡ ಕೆಲಸ ಮಾಡಿದ್ದಾರೆ. ಆಪ್ ಮಾತ್ರ ಅವರಿಗೆ ಅರ್ಧ ತುಂಬಿದ ಬಳೆಯನ್ನು ತೋರಿಸಿ ಸುಮ್ಮನಾಗುತ್ತದೆ. ಗುರಿಯನ್ನು ಇಳಿಸುವ ಆಯ್ಕೆ ಬಹುತೇಕ ಎಲ್ಲ ಆಪ್‌ಗಳಲ್ಲೂ ಇದೆ. ಅದನ್ನು ಬಳಸುವುದರಲ್ಲಿ ಅವಮಾನವೇನಿಲ್ಲ.

ತಪ್ಪು ಕಲ್ಪನೆ: “ಫೋನ್ ಎಷ್ಟು ತೋರಿಸ್ತದ, ಅಷ್ಟು ನಡದೀನಿ ಅಂತನೇ ಅಲ್ಲ?”

ವಾಸ್ತವ: ಅಲ್ಲ. ಫೋನಿನೊಳಗೆ ಅಲುಗಾಟವನ್ನು ಗುರುತಿಸುವ ಸಣ್ಣದೊಂದು ಚಿಪ್ ಇರುತ್ತದೆ. ಮನುಷ್ಯ ನಡೆಯುವಾಗ ಮೈ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸಲ ಏರಿಳಿಯುತ್ತದೆ. ಆ ತಾಳ ಸಿಕ್ಕರೆ ಫೋನು ಹೆಜ್ಜೆ ಎಂದು ಬರೆದುಕೊಳ್ಳುತ್ತದೆ. ತಾಳ ಎಲ್ಲಿಂದ ಬಂತು ಎಂದು ಕೇಳುವುದಿಲ್ಲ. ತಗ್ಗು ಬಿದ್ದ ಹಳ್ಳಿ ರಸ್ತೆಯಲ್ಲಿ ಟಂಟಂ ಹಿಂದಿನ ಸೀಟಿನಲ್ಲಿ ಕುಳಿತು ಬಂದರೂ, ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಬಂದರೂ, ಅಳುವ ಕೂಸನ್ನು ತೊಡೆಯ ಮೇಲಿಟ್ಟು ತೂಗಿದರೂ ಒಂದಿಷ್ಟು ಹೆಜ್ಜೆ ಜಮೆಯಾಗಬಹುದು. ಈಚಿನ ಫೋನುಗಳು ವಾಹನದ ನಡುಕವನ್ನು ಸೋಸಲು ಕಲಿತಿವೆ. ಆದರೂ ನಮ್ಮ ರಸ್ತೆಗಳು ಅವುಗಳ ಪಾಠದಲ್ಲಿ ಪೂರ್ತಿ ಬಂದಂತಿಲ್ಲ.

ಉಲ್ಟಾ ತಪ್ಪೂ ಆಗುತ್ತದೆ. ಸುಳ್ಳು ಲೆಕ್ಕ ಬರಬಾರದೆಂದು ಹಲವು ಆಪ್‌ಗಳು ಸತತವಾಗಿ ಕೆಲವು ಹೆಜ್ಜೆ ಬಿದ್ದ ಮೇಲಷ್ಟೇ ಎಣಿಕೆ ಶುರು ಮಾಡುತ್ತವೆ. ಒಲೆಯಿಂದ ನೀರಿನ ಕೊಡಕ್ಕೆ ನಾಲ್ಕು ಹೆಜ್ಜೆ, ಕೊಡದಿಂದ ಹಿತ್ತಲಿಗೆ ಆರು ಹೆಜ್ಜೆ, ಹೀಗೆ ದಿನವಿಡೀ ತುಂಡು ತುಂಡಾಗಿ ಓಡಾಡುವ ಹೆಂಗಸರ ಹೆಜ್ಜೆಗಳು ಈ ಜರಡಿಯಲ್ಲಿ ಸೋರಿಹೋಗುತ್ತವೆ. ಅದಕ್ಕಿಂತ ಸರಳ ಸಂಗತಿ: ಸೀರೆಗೆ ಜೇಬಿಲ್ಲ. ಮನೆಯಾಕೆ ಅಡುಗೆಮನೆಯಲ್ಲಿ ಓಡಾಡುವಾಗ ಆಕೆಯ ಫೋನು ಪಡಸಾಲೆಯ ಚಾರ್ಜಿಗೆ ಸಿಕ್ಕಿಸಿರುತ್ತದೆ.

ತಪ್ಪು ಕಲ್ಪನೆ: “ನಮ್ಮ ದೇಶದ ಮಂದಿ ಭಾಳ ಸೋಮಾರಿ ಅಂತ ಈ ಆಪ್‌ಗಳಿಂದನೇ ಗೊತ್ತಾಗ್ಯಾದಲ್ಲ!”

ವಾಸ್ತವ: ಈ ಮಾತಿಗೆ ಒಂದು ಮೂಲವಿದೆ. 2017ರ ಜುಲೈನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನವೊಂದು ಬಂತು. 111 ದೇಶಗಳ 7,17,527 ಜನರ ಫೋನುಗಳಲ್ಲಿ ಜಮೆಯಾದ ಹೆಜ್ಜೆಗಳನ್ನು ಅವರು ಲೆಕ್ಕ ಹಾಕಿದ್ದರು. ಹೋಲಿಸಲು ಸಾಕಷ್ಟು ಮಾಹಿತಿ ಇದ್ದ 46 ಕಡೆಗಳಲ್ಲಿ ಹಾಂಗ್‌ಕಾಂಗ್ ದಿನಕ್ಕೆ 6,880 ಹೆಜ್ಜೆಯೊಂದಿಗೆ ಮುಂದಿತ್ತು. ಭಾರತದ ಸರಾಸರಿ 4,297 ಮಾತ್ರ, ಪಟ್ಟಿಯ ಕೆಳತುದಿಗೆ ಹತ್ತಿರ. ಪತ್ರಿಕೆಗಳು ಅದನ್ನೇ ‘ಸೋಮಾರಿ ದೇಶ’ ಎಂದು ತಲೆಬರಹ ಮಾಡಿದವು.

ಆದರೆ ಆ ಸರಾಸರಿಯಲ್ಲಿ ಸೇರಿದವರು ಯಾರು? ಸ್ಮಾರ್ಟ್‌ಫೋನ್ ಇದ್ದವರು, ಅದರಲ್ಲೂ ಒಂದು ನಿರ್ದಿಷ್ಟ ವ್ಯಾಯಾಮದ ಆಪ್ ಹಾಕಿಕೊಂಡವರು. ಶಹಾಪುರ, ಸುರಪುರದ ಸುತ್ತ ನಾರಾಯಣಪುರ ಕಾಲುವೆಯ ನೀರು ಹರಿಯುವ ಹೊಲಗಳಲ್ಲಿ ಹತ್ತಿ ಬಿಡಿಸುವ ಹೆಣ್ಣಾಳನ್ನು ನೋಡಿ. ಸೊಂಟಕ್ಕೆ ಉಡಿ ಕಟ್ಟಿಕೊಂಡು ಸಾಲಿನಿಂದ ಸಾಲಿಗೆ ಬಾಗುತ್ತಾ ಸರಿಯುತ್ತಾಳೆ. ಒಂದು ಗಿಡದ ಮುಂದೆ ಅರೆಗಳಿಗೆ ನಿಂತು, ಒಡೆದ ಕಾಯಿಯಿಂದ ಅರಳೆ ಕಿತ್ತು, ಮುಂದಿನ ಗಿಡಕ್ಕೆ ಒಂದೇ ಹೆಜ್ಜೆ. ಉಡಿ ತುಂಬಿದಾಗ ಬದುವಿನವರೆಗೆ ಹೊತ್ತು ಹೋಗಿ ಸುರಿದು ಬರುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ. ಆಕೆಯ ಬಳಿ ಫೋನ್ ಇದ್ದರೂ ಅದು ಬುತ್ತಿಯ ಗಂಟಿನ ಪಕ್ಕದಲ್ಲಿ ಗಿಡದ ನೆರಳಲ್ಲಿರುತ್ತದೆ. ಮೈಮೇಲೆಯೇ ಇದ್ದರೂ ಈ ಬಾಗುವಿಕೆ, ಈ ನಿಂತು ಸರಿಯುವಿಕೆ ಅದರ ತಾಳಕ್ಕೆ ಸಿಗುವುದಿಲ್ಲ. ಭತ್ತದ ನಾಟಿಯೂ ಹಾಗೆಯೇ, ಎಪಿಎಂಸಿಯಲ್ಲಿ ತೊಗರಿ ಚೀಲ ಹೊರುವ ಹಮಾಲರ ಕೆಲಸವೂ ಹಾಗೆಯೇ. ಹಮಾಲರ ಬೆನ್ನ ಮೇಲಿನ ಚೀಲದ ತೂಕ ಯಾವ ಹೆಜ್ಜೆಲೆಕ್ಕಕ್ಕೂ ಬರದು.

ಹಾಗೆಂದು ಕೂಲಿ ಕೆಲಸವೇ ವ್ಯಾಯಾಮ, ಅವರಿಗೆ ಬೇರೇನೂ ಬೇಡ ಎನ್ನುವುದೂ ಸರಿಯಲ್ಲ. ಒಂದೇ ಬಗೆಯಲ್ಲಿ ಬಾಗಿ ದುಡಿಯುವ ಬೆನ್ನಿಗೆ ಬೇಕಾದದ್ದು ವಿಶ್ರಾಂತಿ ಮತ್ತು ಬೆನ್ನು ಹಿಗ್ಗಿಸುವ ಕಸರತ್ತು, ಇನ್ನಷ್ಟು ಹೆಜ್ಜೆಗಳಲ್ಲ.

ತಪ್ಪು ಕಲ್ಪನೆ: “ನೆಟ್ ಇಲ್ಲಂದ್ರ ಆಪ್ ನಡಿಯಂಗಿಲ್ಲ, ನಮ್ಮೂರಾಗ ಟವರ್ ಎಲ್ಲದ?”

ವಾಸ್ತವ: ಹೆಜ್ಜೆ ಎಣಿಸಲು ನೆಟ್ ಬೇಕಿಲ್ಲ, ದೂರ ಅಳೆಯಲೂ ಬೇಕಿಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಸಮಯದ ಸಂಕೇತ ಕಳಿಸುತ್ತಲೇ ಇರುತ್ತವೆ, ಫೋನು ಅದನ್ನು ರೇಡಿಯೊದಂತೆ ಕೇಳಿಸಿಕೊಳ್ಳುತ್ತದೆ ಅಷ್ಟೆ. ಡೇಟಾ ಖರ್ಚಿಲ್ಲ. ನೆಟ್ ಇಲ್ಲದಿದ್ದರೆ ಹಿನ್ನೆಲೆಯ ನಕಾಶೆ ಬಿಳಿಯಾಗಿ ಕಾಣಬಹುದು, ಮೊದಲ ಸಂಕೇತ ಸಿಗಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯಬಹುದು. ಬಯಲಲ್ಲಿ ನಿಂತು ಸ್ವಲ್ಪ ಕಾದು ಆಮೇಲೆ ಓಟ ಶುರು ಮಾಡಿದರಾಯಿತು. ಮನೆಗೆ ಬಂದು ವೈಫೈ ಅಥವಾ ಡೇಟಾ ಸಿಕ್ಕಾಗ ದಾಖಲೆ ತಾನೇ ಮೇಲೇರುತ್ತದೆ.

ತಪ್ಪು ಕಲ್ಪನೆ: “ಆಪ್‌ನಾಗ 1600 ಮೀಟರ್ 6 ನಿಮಿಷ 20 ಸೆಕೆಂಡಿಗೆ ಬಂದೀನಿ. ಅಂದ್ರ ಪಾಸ್.”

ವಾಸ್ತವ: ಈ ಮಾತಿನ ಹಿಂದೆ ನೌಕರಿಯೇ ನಿಂತಿದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಸಂವಿಧಾನದ 371(ಜೆ) ವಿಧಿಯ ಸ್ಥಳೀಯ ಮೀಸಲಾತಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ಹುಡುಗರಿಗೆ ಸರ್ಕಾರಿ ಹುದ್ದೆಗಳ ಬಗ್ಗೆ ಹೊಸ ಭರವಸೆ ಹುಟ್ಟಿದೆ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಮುಗಿಸಬೇಕು. 400 ಮೀಟರಿನ ಟ್ರ್ಯಾಕಿನಲ್ಲಿ 1600 ಅಂದರೆ ನಾಲ್ಕು ಸುತ್ತು, ಸುತ್ತಿಗೆ 97.5 ಸೆಕೆಂಡು. ಒಂದು ಸೆಕೆಂಡು ತಡವಾದರೂ ಅಲ್ಲಿಗೇ ಮುಗಿಯಿತು.

ಈಗ ಜಿಪಿಎಸ್ ನೋಡೋಣ. ತೆರೆದ ಆಕಾಶದ ಕೆಳಗೂ ಫೋನು ತೋರಿಸುವ ಜಾಗ ನಿಜವಾದ ಜಾಗದಿಂದ ಸುಮಾರು 5 ಮೀಟರ್ ಆಚೀಚೆ ಇರಬಹುದು. ಆಪ್ ಸೆಕೆಂಡಿಗೊಂದರಂತೆ ಇಂಥ ಚುಕ್ಕೆಗಳನ್ನಿಟ್ಟು, ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆದು, ಗೆರೆಗಳನ್ನು ಕೂಡಿ ದೂರ ಎನ್ನುತ್ತದೆ. ನೀವು ನೇರ ಓಡಿದರೂ ಚುಕ್ಕೆಗಳು ಎಡಬಲಕ್ಕೆ ಸರಿದಾಡುತ್ತವೆ, ಗೆರೆ ಹಾವಿನಂತಾಗುತ್ತದೆ, ಉದ್ದ ಹೆಚ್ಚುತ್ತದೆ. ಅಂದರೆ ನೀವು ಓಡದ ದೂರವೂ ನಿಮ್ಮ ಖಾತೆಗೆ ಬೀಳುತ್ತದೆ. ಈ ಹೆಚ್ಚಳ ಬರೀ ಶೇ 3 ಎಂದಿಟ್ಟುಕೊಳ್ಳಿ. ಆಪ್ 1600 ಎಂದಾಗ ನೀವು ನಿಜಕ್ಕೂ ಓಡಿದ್ದು ಸುಮಾರು 1552 ಮೀಟರ್. ಉಳಿದ 48 ಮೀಟರಿಗೆ ಅದೇ ವೇಗದಲ್ಲಿ ಇನ್ನೂ 11ರಿಂದ 12 ಸೆಕೆಂಡು ಬೇಕು. ಆಪ್‌ನ 6 ನಿಮಿಷ 20 ಸೆಕೆಂಡು ಪರೀಕ್ಷೆಯ ಮೈದಾನದಲ್ಲಿ 6 ನಿಮಿಷ 31 ಸೆಕೆಂಡು ಆಗುತ್ತದೆ. ಪಾಸೂ ನಪಾಸೂ ಇಷ್ಟೇ ಅಂತರದಲ್ಲಿವೆ.

ತಿರುವಿನಲ್ಲಿ ಇದರ ವಿರುದ್ಧವೂ ನಡೆಯುತ್ತದೆ. ಚುಕ್ಕೆಗಳು ದೂರ ದೂರ ಬಿದ್ದರೆ ಆಪ್ ತಿರುವನ್ನು ಅಡ್ಡಹಾದಿಯಲ್ಲಿ ಕತ್ತರಿಸಿ ದೂರ ಕಡಿಮೆ ತೋರಿಸುತ್ತದೆ. ಬ್ಯಾಟರಿ ಉಳಿಸುವ ಆಯ್ಕೆ ಚಾಲೂ ಇದ್ದರೆ ಕೆಲವು ಫೋನುಗಳು ಪರದೆ ಆರಿದೊಡನೆ ಆಪ್‌ನ್ನೇ ಮಲಗಿಸಿಬಿಡುತ್ತವೆ. ಆಗ ಮೈದಾನದ ಸುತ್ತು ನಕಾಶೆಯಲ್ಲಿ ಮುರುಕು ತ್ರಿಕೋನದಂತೆ ಕಾಣುತ್ತದೆ. ಓಡುವ ಆಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದುಹಾಕುವುದು ಮೊದಲ ಕೆಲಸ.

ಟ್ರ್ಯಾಕಿನ ಲೆಕ್ಕವೂ ಇದೆ. 400 ಮೀಟರ್ ಎಂಬುದು ಒಳಗಿನ ಮೊದಲ ಲೇನಿಗೆ ಮಾತ್ರ. ಗುಂಪಿನಲ್ಲಿ ಜಾಗ ಸಿಗದೆ ಎಂಟನೇ ಲೇನಿನಲ್ಲಿ ಓಡಿದರೆ ಒಂದು ಸುತ್ತು ಸುಮಾರು 453 ಮೀಟರ್ ಆಗುತ್ತದೆ. ಇನ್ನು ಕಾಲೇಜು ಮೈದಾನದ ಸುಣ್ಣದ ಗೆರೆ 400 ಮೀಟರಿನದೇ ಎಂಬ ಖಾತ್ರಿ ಎಲ್ಲಿದೆ? ಜಾಗ ಇದ್ದಷ್ಟು ಗೆರೆ ಹಾಕಿರುತ್ತಾರೆ, 200 ಇರಬಹುದು, 300 ಇರಬಹುದು. ದೈಹಿಕ ಶಿಕ್ಷಕರನ್ನು ಕೇಳಿ, ಇಲ್ಲವೇ ಇಬ್ಬರು ಗೆಳೆಯರು ಸೇರಿ ಟೇಪು ಹಿಡಿದು ಒಳಗೆರೆಯ ಉದ್ದಕ್ಕೂ ಅಳೆಯಿರಿ. ತಿರುವಿನಲ್ಲಿ ಟೇಪನ್ನು ಬಿಗಿದು ಎಳೆಯದೆ, ಸಣ್ಣ ಸಣ್ಣ ತುಂಡುಗಳಲ್ಲಿ ಗೆರೆಗೆ ಹೊಂದಿಸಿ ಅಳೆಯಬೇಕು.

ದೂರವನ್ನು ನೆಲ ಹೇಳಲಿ, ಸಮಯವನ್ನು ಗೆಳೆಯನ ಕೈಯ ಸ್ಟಾಪ್‌ವಾಚ್ ಹೇಳಲಿ. ಆಪ್‌ನ ಕೆಲಸ ಅವನ್ನು ತಾರೀಖಿನ ಸಮೇತ ಬರೆದಿಟ್ಟುಕೊಂಡು, ಮೂರು ತಿಂಗಳ ಹಿಂದೆ ಎಲ್ಲಿದ್ದೆ, ಈಗ ಎಲ್ಲಿದ್ದೇನೆ ಎಂದು ತೋರಿಸುವುದು. ಆ ಕೆಲಸವನ್ನು ಅದು ಯಾವ ಮನುಷ್ಯನಿಗಿಂತಲೂ ಚೆನ್ನಾಗಿ ಮಾಡುತ್ತದೆ.

ತಪ್ಪು ಕಲ್ಪನೆ: “400 ಕ್ಯಾಲೊರಿ ಸುಟ್ಟೀನಿ, ಎರಡು ಮಿರ್ಚಿ ಭಜಿ ತಿಂದ್ರ ಏನೂ ಆಗಂಗಿಲ್ಲ.”

ವಾಸ್ತವ: ಆಪ್ ತೋರಿಸುವ ಎಲ್ಲ ಸಂಖ್ಯೆಗಳಲ್ಲಿ ಕ್ಯಾಲೊರಿಯಷ್ಟು ಕಚ್ಚಾ ಇನ್ನೊಂದಿಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು 60 ಜನರ ಕೈಗೆ ಏಳು ಕಂಪನಿಗಳ, ಚಟುವಟಿಕೆ ಅಳೆಯುವ ಪಟ್ಟಿಗಳನ್ನು ಕಟ್ಟಿಸಿ ಪರೀಕ್ಷಿಸಿದರು. ಎದೆಬಡಿತದಲ್ಲಿ ಏಳರಲ್ಲಿ ಆರು ಶೇ 5ರೊಳಗಿನ ತಪ್ಪಿನಲ್ಲೇ ಇದ್ದವು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದೆನಿಸಿದ ಪಟ್ಟಿಯೂ ಸರಾಸರಿ ಶೇ 27ರಷ್ಟು ತಪ್ಪಿತು. ಕೊನೆಯದು ಶೇ 93. ಎದೆಬಡಿತ ನೋಡುವ ಪಟ್ಟಿಗಳ ಗತಿಯೇ ಇದಾದರೆ, ಅದನ್ನೂ ನೋಡದೆ ವಯಸ್ಸು, ತೂಕ, ಹೆಜ್ಜೆ ಇಟ್ಟು ಗುಣಿಸುವ ಬರೀ ಫೋನಿನ ಗತಿ ಏನು?

ಜಮೆಯ ಬದಿಯಲ್ಲೂ ಇದೇ ಗೋಳು. ಊಟ ಬರೆಯುವ ಆಪ್‌ನಲ್ಲಿ ‘ರೊಟ್ಟಿ’ ಎಂದು ಹುಡುಕಿದರೆ ಅನೇಕ ಸಲ ಮೊದಲು ಬರುವುದು ಗೋಧಿಯ ತೆಳು ಫುಲ್ಕಾ. ನಮ್ಮ ಮನೆಯ ತಟ್ಟೆಯಗಲದ ಬಿಸಿ ಜೋಳದ ರೊಟ್ಟಿ ಅದಲ್ಲ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 330ರಿಂದ 350 ಕ್ಯಾಲೊರಿ ಇರುತ್ತದೆ. ಒಂದು ರೊಟ್ಟಿಗೆ ಎಷ್ಟು ಹಿಟ್ಟು ಹೋಗುತ್ತದೆಂದು ಒಮ್ಮೆ ತೂಗಿ ನೋಡಿದರೆ ನಿಮ್ಮ ಮನೆಯ ರೊಟ್ಟಿಯ ಲೆಕ್ಕ ನಿಮಗೇ ಸಿಗುತ್ತದೆ. ಮೇಲೆ ಸುರಿದ ಶೇಂಗಾ ಹಿಂಡಿ, ಅದಕ್ಕೆ ಹಾಕಿಕೊಂಡ ಎಣ್ಣೆ ಯಾರ ಲೆಕ್ಕಕ್ಕೂ ಬರುವುದಿಲ್ಲ, ಹೆಚ್ಚಿನ ತಪ್ಪು ಅಡಗಿರುವುದು ಅಲ್ಲೇ. ಸಂಜೆ ಸುಸಲಾ ಜೊತೆ ಮಿರ್ಚಿ ತಿನ್ನಬೇಕೆನಿಸಿದರೆ ತಿನ್ನಿ. ಫೋನಿನ ಪರವಾನಗಿ ಕೇಳಿ ತಿನ್ನಬೇಡಿ.

ತಪ್ಪು ಕಲ್ಪನೆ: “ಮೊದ್ಲಿನಷ್ಟು ಜೋರಾಗಿ ಓಡಾಕ ಆಗವಲ್ತು, ಗ್ರಾಫ್ ಇಳಿಲಾಕತ್ಯಾದ. ಇನ್ನೂ ಒತ್ತಿ ಓಡ್ಬೇಕು.”

ವಾಸ್ತವ: ತಿಂಗಳು ಯಾವುದು ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಸರ್ಕಾರವೇ ಕಲಬುರಗಿ ವಿಭಾಗದ ಕಚೇರಿಗಳ ವೇಳೆಯನ್ನು ಬೇಸಿಗೆಯಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತ ಬಂದಿದೆ. ಆಪ್‌ನ ತರಬೇತಿ ವೇಳಾಪಟ್ಟಿ ಮಾತ್ರ ಬದಲಾಗುವುದಿಲ್ಲ. ಅದನ್ನು ಬರೆದವರು ಯಾವ ತಂಪು ದೇಶದಲ್ಲಿ ಕುಳಿತಿದ್ದರೋ.

ಗಾಳಿಯ ಬಿಸಿ ಚರ್ಮದ ಬಿಸಿಗಿಂತ ಹೆಚ್ಚಾದಾಗ ಮೈ ತಣಿಯಲು ಬೆವರೊಂದೇ ದಾರಿ. ಎದೆಯು ಸ್ನಾಯುಗಳಿಗೂ ಚರ್ಮಕ್ಕೂ ಏಕಕಾಲಕ್ಕೆ ರಕ್ತ ಹರಿಸಬೇಕು. ಹೀಗಾಗಿ ಅದೇ ವೇಗಕ್ಕೆ ಬಡಿತ ಹೆಚ್ಚು, ಅದೇ ಬಡಿತಕ್ಕೆ ವೇಗ ಕಡಿಮೆ. ಗ್ರಾಫ್ ಇಳಿದದ್ದು ಬಿಸಿಲಿನ ಲೆಕ್ಕವೇ ಹೊರತು ನಿಮ್ಮ ಹಿನ್ನಡೆಯಲ್ಲ. ಬಿಸಿಗೆ ಮೈ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಸೂರ್ಯ ಮೇಲೇರುವ ಮೊದಲೇ ಮುಗಿಸಿ, ದೂರ ಕಡಿಮೆ ಮಾಡಿ. ತಲೆ ಸುತ್ತುವುದು, ಮಾತು ತೊದಲುವುದು, ವಾಂತಿ ಬಂದಂತಾಗುವುದು ಕಂಡರೆ ಓಟ ಅಲ್ಲಿಗೇ ನಿಲ್ಲಿಸಿ ನೆರಳಿಗೆ ಸೇರಿಸಿ, ಮೈಗೆ ನೀರು ಹಾಕಿ, ಆಸ್ಪತ್ರೆಗೆ ಒಯ್ಯಬೇಕು. ಬಾಕಿ ಉಳಿದ ಕಿಲೋಮೀಟರ್ ಬಾಕಿಯೇ ಇರಲಿ.

ಬಡಿತದ ಮಾತು ಬಂದದ್ದರಿಂದ ಇದೂ ಒಂದು: ‘220ರಲ್ಲಿ ವಯಸ್ಸು ಕಳೆ, ಅದೇ ನಿನ್ನ ಗರಿಷ್ಠ ಬಡಿತ’ ಎಂಬ ಸೂತ್ರ ಸರಾಸರಿಗೆ ಸರಿ, ಒಬ್ಬೊಬ್ಬರಿಗೆ ಸರಿಯಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಹನ್ನೆರಡು ಬಡಿತದ ವ್ಯತ್ಯಾಸ ಸಾಮಾನ್ಯ. ಬಿಪಿಗೆ ಕೆಲವು ಬಗೆಯ ಗುಳಿಗೆ ತೆಗೆದುಕೊಳ್ಳುವವರ ಬಡಿತ ಅಷ್ಟಾಗಿ ಏರುವುದಿಲ್ಲ, ಆಪ್ ಅವರನ್ನು ಇನ್ನೂ ಜೋರು ಮಾಡಿ ಎಂದು ಕಾಡುತ್ತದೆ. ನಡೆಯುತ್ತಾ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಧ್ಯಮ ಶ್ರಮಕ್ಕೆ ಇದಕ್ಕಿಂತ ಅಗ್ಗದ ಅಳತೆ ಇನ್ನೊಂದಿಲ್ಲ.

ತಪ್ಪು ಕಲ್ಪನೆ: “ಸ್ವಲ್ಪ ನಡದ್ರ ಏದುಸಿರು ಬರ್ತದ. ಆಪ್ ‘ಫಿಟ್‌ನೆಸ್ ಕಮ್ಮಿ’ ಅಂತದ. ವಾಕಿಂಗ್ ಹೆಚ್ಚು ಮಾಡಿದ್ರ ಸರಿಯಾಗ್ತದ.”

ವಾಸ್ತವ: ಇದನ್ನು ಹೇಳುವವಳು ಹೆಣ್ಣುಮಗಳಾಗಿದ್ದರೆ ಮೊದಲು ಹಿಮೋಗ್ಲೋಬಿನ್ ನೋಡಿಸಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, 2019–21ರಲ್ಲಿ, ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು. ಸುಮಾರು ಇಬ್ಬರಲ್ಲಿ ಒಬ್ಬರು. ರಕ್ತದಲ್ಲಿ ಆಮ್ಲಜನಕ ಹೊರುವ ಶಕ್ತಿ ತಗ್ಗಿದಾಗ ಎದೆ ಬೇಗ ಬಡಿದು ಅದನ್ನು ತುಂಬಿಕೊಳ್ಳಲು ನೋಡುತ್ತದೆ. ಆಪ್‌ಗೆ ಕಾಣುವುದು ಬಡಿತ ಹೆಚ್ಚು, ವೇಗ ಕಡಿಮೆ ಎಂಬುದಷ್ಟೇ. ಅಭ್ಯಾಸ ಸಾಲದೆ ಬಂದ ಏದುಸಿರು ಯಾವುದು, ರಕ್ತ ಸಾಲದೆ ಬಂದ ಏದುಸಿರು ಯಾವುದು ಎಂದು ಅದು ಬೇರ್ಪಡಿಸಲಾರದು. ಗರ್ಭಿಣಿಯಲ್ಲದ ಮಹಿಳೆಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಆಗುತ್ತದೆ. ಕಬ್ಬಿಣದ ಗುಳಿಗೆ ಮಾಡುವ ಕೆಲಸವನ್ನು ಹೆಜ್ಜೆಗಳು ಮಾಡವು.

ತಪ್ಪು ಕಲ್ಪನೆ: “ನಾ ಎಲ್ಲಿ ಓಡ್ತೀನಿ ಅಂತ ಯಾರಿಗೆ ಬೇಕಾಗ್ಯಾದ?”

ವಾಸ್ತವ: 2017ರ ನವೆಂಬರಿನಲ್ಲಿ ಸ್ಟ್ರಾವಾ ಎಂಬ ಆಪ್ ತನ್ನ ಬಳಕೆದಾರರ ಓಟದ ಗೆರೆಗಳನ್ನು ಸೇರಿಸಿ ಹೊಳೆಯುವ ವಿಶ್ವ ನಕಾಶೆಯೊಂದನ್ನು ಹೊರಬಿಟ್ಟಿತು. ಹೆಸರು ಯಾರದೂ ಇರಲಿಲ್ಲ. ಆದರೂ 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬ ಗಮನಿಸಿದ: ಕತ್ತಲೆ ಮರುಭೂಮಿಯ ನಡುವೆ ಒಂಟಿಯಾಗಿ ಹೊಳೆಯುವ ಸುತ್ತುಗಳು ಸೈನಿಕ ನೆಲೆಗಳವು. ಸೈನಿಕರು ಕಾಂಪೌಂಡಿನೊಳಗೆ ಓಡಿದ್ದೇ ನೆಲೆಯ ಗುಟ್ಟು ಬಿಟ್ಟುಕೊಟ್ಟಿತ್ತು.

ಸುರಪುರದ ಹುಡುಗಿಯೊಬ್ಬಳು ದಿನಾ ಅದೇ ಹೊತ್ತಿಗೆ ಅದೇ ಮನೆಯಿಂದ ಹೊರಟು ಅದೇ ದಾರಿಯಲ್ಲಿ ಓಡಿ ಮರಳುತ್ತಿದ್ದರೆ, ಆಕೆಯ ಖಾತೆ ಎಲ್ಲರಿಗೂ ತೆರೆದಿದ್ದರೆ, ಮನೆ ಯಾವುದು, ಒಬ್ಬಳೇ ಇರುವ ಹೊತ್ತು ಯಾವುದು ಎಂದು ತಿಳಿಯಲು ಯಾರೂ ಪತ್ತೇದಾರರಾಗಬೇಕಿಲ್ಲ. ಖಾತೆಯನ್ನು ‘ನನಗೆ ಮಾತ್ರ’ ಎಂದು ಬದಲಿಸಿ, ಮನೆಯ ಸುತ್ತಲಿನ ಗೆರೆ ಅಡಗಿಸುವ ಆಯ್ಕೆ ಹಾಕಿ. ಹೆಜ್ಜೆ ಎಣಿಸುವ ಆಪ್ ನಿಮ್ಮ ಫೋನಿನಲ್ಲಿರುವ ನಂಬರುಗಳ ಪಟ್ಟಿ ಕೇಳಿದರೆ ಕೊಡುವ ಕಾರಣವಿಲ್ಲ.

ತಪ್ಪು ಕಲ್ಪನೆ: “ದುಡ್ಡು ಕೊಟ್ಟು ತಗೊಂಡ ಆಪ್ ಚಲೋ ಇರ್ತದ.”

ವಾಸ್ತವ: ದುಡ್ಡಿನ ಆಪ್‌ಗೂ ಪುಕ್ಕಟೆ ಆಪ್‌ಗೂ ಅಳೆಯುವ ಚಿಪ್ ಒಂದೇ, ಅದು ನಿಮ್ಮ ಫೋನಿನದು. ದುಡ್ಡಿಗೆ ಸಿಗುವುದು ಹೆಚ್ಚಿನ ಗ್ರಾಫು, ತರಬೇತಿಯ ಪಟ್ಟಿ, ಜಾಹೀರಾತಿಲ್ಲದ ಪರದೆ. ಕೇಂದ್ರ ಸರ್ಕಾರ 2021ರ ಆಗಸ್ಟ್ 29ರಂದು, ರಾಷ್ಟ್ರೀಯ ಕ್ರೀಡಾ ದಿನದಂದು, ಫಿಟ್ ಇಂಡಿಯಾ ಆಪ್‌ನ್ನು ಪುಕ್ಕಟೆ ಬಿಡುಗಡೆ ಮಾಡಿತು. ಬಂದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಎಂಬುದು ಬೇರೆ ಮಾತು.

ತಪ್ಪು ಕಲ್ಪನೆ: “ಇವತ್ತು ತೂಕ ಒಂದು ಕೆಜಿ ಏರ್ಯಾದ, ಎಲ್ಲಾ ನೀರಾಗ ಹೋಯ್ತು.”

ವಾಸ್ತವ: ಒಂದೇ ರಾತ್ರಿಯಲ್ಲಿ ಒಂದು ಕಿಲೋ ಕೊಬ್ಬು ಬೆಳೆಯುವುದಿಲ್ಲ. ಜಾತ್ರೆಯ ಊಟದ ಉಪ್ಪು ನೀರು ಹಿಡಿದಿಟ್ಟುಕೊಂಡಿರುತ್ತದೆ, ಅಷ್ಟೆ. ವಾರಗಳ ಸರಾಸರಿ ನೋಡಿ. ಆಪ್ 25ರವರೆಗಿನ ಬಿಎಂಐ ‘ಸರಿ’ ಎಂದು ಹಸಿರು ತೋರಿಸಿದರೆ ಪೂರ್ತಿ ನಂಬಬೇಡಿ. ಭಾರತೀಯರಿಗೆ 23ಕ್ಕೇ ಅಧಿಕ ತೂಕ ಎನ್ನುತ್ತಾರೆ ನಮ್ಮ ವೈದ್ಯರು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟದಿರಲಿ. ಇದನ್ನು ಅಳೆಯಲು ದರ್ಜಿಯ ಟೇಪು ಸಾಕು.

ತಪ್ಪು ಕಲ್ಪನೆ: “ಆಪ್ ಹಾಕ್ಕೊಂಡೀನಿ, ಇನ್ನ ಫಿಟ್ ಆಗೋದೊಂದೇ ಬಾಕಿ.”

ವಾಸ್ತವ: ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಡಬೇಕು. ಹಲವು ಸಂಶೋಧನೆಗಳನ್ನು ಒಟ್ಟುಗೂಡಿಸಿ 2022ರಲ್ಲಿ ‘ಲ್ಯಾನ್ಸೆಟ್ ಡಿಜಿಟಲ್ ಹೆಲ್ತ್’ನಲ್ಲಿ ಬಂದ ಪರಾಮರ್ಶೆ ಹೇಳುವಂತೆ, ಇಂಥ ಸಾಧನ ಬಳಸುವವರು ದಿನಕ್ಕೆ ಸುಮಾರು 1,800 ಹೆಜ್ಜೆ ಹೆಚ್ಚು ನಡೆಯುತ್ತಾರೆ, ತೂಕ ಸುಮಾರು ಒಂದು ಕಿಲೋ ಇಳಿಯುತ್ತದೆ. ಲಾಭ ಇದೆ. ಇನ್ನೊಂದು 2016ರಲ್ಲಿ ಪ್ರಕಟವಾದ ಎರಡು ವರ್ಷದ ಪ್ರಯೋಗ. ತೂಕ ಇಳಿಸಲು ಬಂದ 471 ಯುವಜನರಲ್ಲಿ ಅರ್ಧಕ್ಕೆ ಚಟುವಟಿಕೆ ಅಳೆಯುವ ಪಟ್ಟಿ ಕೊಟ್ಟರು, ಉಳಿದ ಅರ್ಧ ತಾವೇ ಬರೆದುಕೊಳ್ಳುತ್ತಿದ್ದರು. ಕೊನೆಗೆ ಪಟ್ಟಿಯವರು 3.5 ಕಿಲೋ ಇಳಿದಿದ್ದರೆ, ತಾವೇ ಬರೆದುಕೊಂಡವರು 5.9 ಕಿಲೋ ಇಳಿದಿದ್ದರು. ಯಾಕೆ ಹೀಗಾಯಿತೆಂದು ಪ್ರಯೋಗ ಖಚಿತವಾಗಿ ಹೇಳಲಿಲ್ಲ. ನನಗನಿಸುವುದು ಇಷ್ಟು: ತಾನೇ ಕೈಯಾರೆ ಬರೆದವನು ಬರೆಯುವಾಗ ಒಮ್ಮೆ ಯೋಚಿಸುತ್ತಾನೆ, ಯಂತ್ರಕ್ಕೆ ಬಿಟ್ಟವನು ನೋಡುವುದನ್ನೂ ಬಿಡುತ್ತಾನೆ.

ತಪ್ಪು ಕಲ್ಪನೆ: “ಒಂದು ದಿನ ಬಿಟ್ರ ಸ್ಟ್ರೀಕ್ ಹೋಗ್ತದ್ರಿ!”

ವಾಸ್ತವ: ಸ್ಟ್ರೀಕ್ ಅಂದರೆ ಒಂದು ದಿನವೂ ತಪ್ಪದ ದಿನಗಳ ಸರಪಳಿ. ಹೋಗಲಿ. ಎಲುಬು, ಸ್ನಾಯು ಗಟ್ಟಿಯಾಗುವುದು ಓಡುವಾಗ ಅಲ್ಲ, ಓಟದ ನಂತರದ ವಿಶ್ರಾಂತಿಯಲ್ಲಿ. ಭರ್ತಿಯ ಅಧಿಸೂಚನೆ ಬಂದೊಡನೆ ದಿನವೂ ಗಟ್ಟಿ ನೆಲದ ಮೇಲೆ ಓಡಲು ಶುರು ಮಾಡಿ, ಮೊಣಕಾಲಿನ ಕೆಳಗೆ ಮುಂಭಾಗದ ಎಲುಬಿನಲ್ಲಿ ನೋವು ತಂದುಕೊಂಡು, ಪರೀಕ್ಷೆಯ ದಿನ ಕುಂಟುವ ಹುಡುಗರು ಎಲ್ಲ ಊರಲ್ಲೂ ಸಿಗುತ್ತಾರೆ. ರೋಜಾ ಹಿಡಿದವರಿಗೂ ಶ್ರಾವಣದ ಉಪವಾಸ ಮಾಡುವವರಿಗೂ ಆಪ್‌ನ ಸರಪಳಿ ಕಡಿದರೆ ಆಗುವ ನಷ್ಟ ಒಂದು ಬಣ್ಣದ ಚಿತ್ರ ಅಷ್ಟೆ.

ತಪ್ಪು ಕಲ್ಪನೆ: “ಆಪ್‌ನಾಗ ಬರಲಾರದ ಕಸರತ್ತು ಲೆಕ್ಕಕ್ಕಿಲ್ಲ.”

ವಾಸ್ತವ: ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆಯ ಜೊತೆಗೆ, ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನೂ ಕೇಳುತ್ತದೆ. ಮೊದಲನೆಯದನ್ನು ಫೋನು ತಾನೇ ಬರೆದುಕೊಳ್ಳುತ್ತದೆ, ಎರಡನೆಯದಕ್ಕೆ ಕುರುಡು. ತಾಲೀಮಿನಲ್ಲಿ ನೂರು ಬಸ್ಕಿ, ಐವತ್ತು ದಂಡ ಹೊಡೆದವನ ಫೋನು ಮೂಲೆಯಲ್ಲಿ ಅಂಗಿಯ ಜೇಬಿನಲ್ಲಿರುತ್ತದೆ, ಅವನ ದಿನ ‘ನಿಷ್ಕ್ರಿಯ’ ಎಂದು ದಾಖಲಾಗುತ್ತದೆ. ಕಾಣದ್ದು ಬೇಡವಾಗುತ್ತ ಹೋಗುವುದು ಇದರ ಅಪಾಯ. ಪೊಲೀಸ್ ಪರೀಕ್ಷೆಯಲ್ಲಿ ಓಟವೊಂದೇ ಇಲ್ಲ. ಪುರುಷರು 3.80 ಮೀಟರ್ ಉದ್ದಜಿಗಿತ ಅಥವಾ 1.20 ಮೀಟರ್ ಎತ್ತರಜಿಗಿತ ದಾಟಬೇಕು, 7.26 ಕಿಲೋ ಗುಂಡನ್ನು 5.60 ಮೀಟರ್ ಎಸೆಯಬೇಕು. ಆಪ್ ಓಟಕ್ಕಷ್ಟೇ ಅಂಕ ಕೊಡುತ್ತದೆಂದು ಹುಡುಗರು ಓಟವನ್ನಷ್ಟೇ ಮಾಡುತ್ತಾರೆ, ಗುಂಡು ಮೈದಾನದ ಮೂಲೆಯಲ್ಲಿ ತುಕ್ಕು ಹಿಡಿಯುತ್ತದೆ.

ಹೆಚ್ಚಿನ ಆಪ್‌ಗಳಲ್ಲಿ ಕೈಯಿಂದ ತುಂಬುವ ಟಿಪ್ಪಣಿಯ ಜಾಗವಿದೆ. ಅಲ್ಲಿ ತಾರೀಖು ಹಾಕಿ ಇಂದಿನ ಮೂರು ಎಸೆತ, ಮೂರು ಜಿಗಿತ ಬರೆಯಿರಿ, ಬಸ್ಕಿಯ ಸಂಖ್ಯೆಯನ್ನೂ ಬರೆಯಿರಿ. ಎಸೆತ ಅಳೆಯಲು ಟೇಪಿನ ಇನ್ನೊಂದು ತುದಿ ಹಿಡಿಯುವವನೊಬ್ಬ ಬೇಕು. ಅವನೂ ಪರೀಕ್ಷೆಗೆ ಕೂಡುವವನಾಗಿದ್ದರೆ ಇನ್ನೂ ಚಲೋ, ಒಂದು ಸೆಂಟಿಮೀಟರನ್ನೂ ಹೆಚ್ಚಿಗೆ ಬಿಡುವುದಿಲ್ಲ.